ಊರಿನ ಮಾತನ್ನು ಕಂಪನಿಯ ಒಳಗೆ ತರುವ ಕೆಲಸ

ಪ್ರಶ್ನೆ: ನಮಸ್ತೆ ಮೇಡಂ. ನನಗೆ 33 ವರ್ಷ, ಊರು ಕಾಪು ಹತ್ತಿರ. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ ನಾಲ್ಕು ವರ್ಷ ವರದಿಗಾರ್ತಿಯಾಗಿದ್ದೆ. ಈಗ ಆರು ವರ್ಷದಿಂದ ಮಂಗಳೂರಿನ ಒಂದು ಕಾರ್ಖಾನೆಯಲ್ಲಿ ಕಾರ್ಪೊರೇಟ್ ಕಮ್ಯುನಿಕೇಷನ್ಸ್ ಮ್ಯಾನೇಜರ್. ಪ್ರೆಸ್ ನೋಟ್, ಕಂಪನಿಯ ಪತ್ರಿಕೆ, ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಕಾರ್ಯಕ್ರಮದ ಫೋಟೊ, ಇಷ್ಟರಲ್ಲೇ ದಿನ ಹೋಗುತ್ತದೆ. ಇನ್ನೊಂದು ಕಂಪನಿಯವರು ‘ಹೆಡ್, ಪಬ್ಲಿಕ್ ಅಫೇರ್ಸ್’, ಅಂದರೆ ಸರ್ಕಾರ ಮತ್ತು ಜನರ ಜೊತೆಗಿನ ಸಂಬಂಧ ನೋಡಿಕೊಳ್ಳುವ ಮುಖ್ಯಸ್ಥರ ಹುದ್ದೆಗೆ ನನ್ನನ್ನು ಕೇಳುತ್ತಿದ್ದಾರೆ. ‘ಅದು ರಾಜಕಾರಣಿಗಳ ಹಿಂದೆ ಓಡುವ ಕೆಲಸ, ಬೇಡ ಮಗಾ’ ಅನ್ನುತ್ತಾರೆ ಅಪ್ಪ. ಎಂಬಿಎ ಇಲ್ಲದೆ ಈ ದಾರಿಯಲ್ಲಿ ಮೇಲೆ ಹೋಗಬಹುದಾ? ಮಂಗಳೂರು ಬಿಟ್ಟು ಹೋಗಲೇಬೇಕಾ? ಇಷ್ಟಕ್ಕೂ ಈ ಕೆಲಸದಲ್ಲಿ ಮುಖ್ಯಸ್ಥರಾದವರು ಮಾಡುವುದು ಏನು?

ಉತ್ತರ: ನಮಸ್ತೆ. ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವರ ಭಯಕ್ಕೆ ಕಾರಣ ಇದೆ. ನಮ್ಮ ಕಡೆ ದೊಡ್ಡ ಕಾರ್ಖಾನೆಗಳು ಬರತೊಡಗಿದ ಕಾಲದಲ್ಲಿ ಹೆಚ್ಚಿನ ಕಂಪನಿಗಳಲ್ಲಿ ಒಬ್ಬರು ‘ಲೈಸನ್ ಆಫೀಸರ್’ ಇರುತ್ತಿದ್ದರು. ಫೈಲು ಯಾವ ಮೇಜಿನ ಮೇಲೆ ಕೂತಿದೆ ಅಂತ ಅವರಿಗೆ ಗೊತ್ತಿರಬೇಕು. ಮಂತ್ರಿ ಬಂದರೆ ಸರ್ಕ್ಯೂಟ್ ಹೌಸ್‌ನಲ್ಲಿ ಹಾರ ಹಿಡಿದು ಕಾಯಬೇಕು. ಊರಿನ ಜಾತ್ರೆಗೆ, ಕ್ರಿಕೆಟ್ ಟೂರ್ನಮೆಂಟಿಗೆ ಚಂದಾ ಕೊಡಬೇಕು. ಜನ ನೋಡಿದ್ದು ಅದನ್ನೇ. ಹಾಗಾಗಿ ಆ ಕೆಲಸಕ್ಕೆ ಆ ಹೆಸರು ಅಂಟಿತು. ಇವತ್ತಿಗೂ ಕೆಲವು ಕಡೆ ಬೋರ್ಡಿನ ಮೇಲೆ ‘ಪಬ್ಲಿಕ್ ಅಫೇರ್ಸ್’ ಅಂತ ಬರೆದು ಒಳಗೆ ಮಾಡಿಸುವುದು ಇದೇ ಹಳೆಯ ಕೆಲಸ. ನಿಮಗೆ ಬಂದಿರುವ ಹುದ್ದೆ ಎಂಥದ್ದು ಅಂತ ತಿಳಿದುಕೊಳ್ಳುವುದು ಹೇಗೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಈ ಕ್ಷೇತ್ರದಲ್ಲಿ ಇಪ್ಪತ್ತಾರು ವರ್ಷ ದುಡಿದಿದ್ದೇನೆ. ಅದರಲ್ಲಿ ಜಾಸ್ತಿ ಕಾಲ ಇಲ್ಲೇ, ಮಂಗಳೂರಿನ ಬೈಕಂಪಾಡಿ, ಪಣಂಬೂರು, ಸುರತ್ಕಲ್ ಸುತ್ತ. ಉಳಿದದ್ದು ಬೆಂಗಳೂರು ಮತ್ತು ದೆಹಲಿಯಲ್ಲಿ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದು. ಕಂಪನಿಯ ಮಾತನ್ನು ಹೊರಗೆ ಒಯ್ಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೊರಗಿನ ಮಾತನ್ನು, ಅದೂ ತೀರ್ಮಾನ ಆಗುವ ಮೊದಲೇ, ಕಂಪನಿಯ ಒಳಗೆ ತರುವವರು ತುಂಬಾ ಕಡಿಮೆ. ಈಗ ನೀವು ಮಾಡುತ್ತಿರುವುದು ಮೊದಲನೆಯದು. ಮುಖ್ಯಸ್ಥರಾದವರು ಮಾಡಬೇಕಾದದ್ದು ಎರಡನೆಯದು. ಇವೆರಡರ ನಡುವಿನ ದೂರವನ್ನು ದಾಟುವುದೇ ಈ ದಾರಿಯಲ್ಲಿ ಮೇಲೆ ಹೋಗುವುದು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಆಗ ನನಗೆ ಹೆಚ್ಚುಕಡಿಮೆ ನಿಮ್ಮ ವಯಸ್ಸು. ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ಮಳೆಗಾಲ, ಹತ್ತಿರದ ಊರಿನಿಂದ ಫೋನ್ ಮೇಲೆ ಫೋನ್. ರಾತ್ರಿ ಹತ್ತರ ಮೇಲೆ ಕೆಟ್ಟ ವಾಸನೆ ಬರುತ್ತಿದೆ, ಮಕ್ಕಳಿಗೆ ತಲೆನೋವು, ಕಿಟಕಿ ತೆರೆಯಲು ಆಗುವುದಿಲ್ಲ ಅಂತ. ನಾನು ಕಂಟ್ರೋಲ್ ರೂಮಿಗೆ ಕೇಳಿದೆ. ‘ಎಲ್ಲ ಮೀಟರೂ ಮಿತಿಯೊಳಗೇ ಇದೆ’ ಅಂದರು. ಅಷ್ಟನ್ನೇ ನಂಬಿ ಪತ್ರಿಕೆಗಳಿಗೆ ಹೇಳಿಕೆ ಕಳಿಸಿದೆ: ನಮ್ಮ ಸ್ಥಾವರದಿಂದ ಯಾವುದೇ ನಿಯಮ ಮೀರಿಲ್ಲ. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬರು ಹಿರಿಯ ಹೆಂಗಸು ಪೇಪರ್ ಹಿಡಿದು ನಿಂತಿದ್ದರು. ಬೀಡಿ ಕಟ್ಟುವವರು. ಸಿಟ್ಟಿನಿಂದ ಏನೂ ಹೇಳಲಿಲ್ಲ. ‘ಮಗಾ, ಇದನ್ನು ಬರೆಯುವ ಮೊದಲು ಒಂದು ರಾತ್ರಿ ನಮ್ಮ ಮನೆಗೆ ಬಂದು ಕೂತಿದ್ದರೆ ಆಗ್ತಿತ್ತಲ್ವಾ’ ಅಂದರು.

ಆ ರಾತ್ರಿ ಹೋಗಿ ಅವರ ಮನೆಯ ಜಗಲಿಯಲ್ಲಿ ಕೂತೆ. ಹತ್ತೂಕಾಲಿಗೆ ವಾಸನೆ ಬಂತು. ಆಮೇಲೆ ಹುಡುಕಿದಾಗ ಗೊತ್ತಾಯಿತು, ಅದು ಚಿಮಣಿಯದ್ದಲ್ಲ. ಗುತ್ತಿಗೆದಾರರೊಬ್ಬರು ರಾತ್ರಿ ಹೊತ್ತು ಟ್ಯಾಂಕರ್ ತೊಳೆಯುತ್ತಿದ್ದರು. ಆ ನೀರು ಮಳೆಯ ಚರಂಡಿಗೆ ಸೇರಿ ಊರಿನ ಕಡೆ ಹರಿಯುತ್ತಿತ್ತು. ಮೀಟರ್ ಸರಿ ಇತ್ತು, ಊರಿನವರ ಮೂಗೂ ಸರಿ ಇತ್ತು. ಮೀಟರ್ ಇದ್ದದ್ದು ಒಂದು ಕಡೆ, ತೊಂದರೆ ಇದ್ದದ್ದು ಇನ್ನೊಂದು ಕಡೆ. ಮೀಟರಿನ ಮಟ್ಟಿಗೆ ನನ್ನ ಹೇಳಿಕೆಯಲ್ಲಿ ಸುಳ್ಳಿರಲಿಲ್ಲ, ಆದರೆ ಅದನ್ನು ಓದಿದ ಊರಿಗೆ ನಾನು ಸುಳ್ಳು ಹೇಳಿದ ಹಾಗೇ ಆಯಿತು. ಟ್ಯಾಂಕರ್ ತೊಳೆಯುವುದನ್ನು ನಿಲ್ಲಿಸಲು ಎರಡು ದಿನ ಸಾಕಾಯಿತು. ಆ ಊರಿನವರು ನನ್ನ ಮಾತನ್ನು ಮತ್ತೆ ನಂಬಲು ಎರಡು ವರ್ಷ ಬೇಕಾಯಿತು. ಅವತ್ತಿನಿಂದ, ಹೋಗಿ ನೋಡದೆ ಬರೆಯುವುದನ್ನು ಬಿಟ್ಟೆ.

ನೀವು ಈ ಕೆಲಸ ಕಲಿಯಲು ಕರಾವಳಿಗಿಂತ ಒಳ್ಳೆಯ ಜಾಗ ಇಲ್ಲ ಅನ್ನುತ್ತೇನೆ, ಮನಸಾರೆ. ಇಲ್ಲಿನ ಜನ ಓದುತ್ತಾರೆ, ಕೇಳುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಇದೇ ಊರಿನಿಂದ. ಸಾರ್ವಜನಿಕವಾಗಿ ವಾದ ಮಾಡುವುದು ಇಲ್ಲಿ ಇವತ್ತು ನಿನ್ನೆಯ ಅಭ್ಯಾಸ ಅಲ್ಲ. ನಂದಿಕೂರಿಗೆ ಬರಬೇಕಿದ್ದ ಕೊಜೆಂಟ್ರಿಕ್ಸ್ ಯೋಜನೆಯ ಬಗ್ಗೆ ಮನೆಯಲ್ಲಿ ಕೇಳಿರುತ್ತೀರಿ. ಅಮೆರಿಕದ ಕಂಪನಿ, 1000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಕೇಂದ್ರ ಸರ್ಕಾರ ಅದನ್ನು ‘ಫಾಸ್ಟ್ ಟ್ರ್ಯಾಕ್’ ಯೋಜನೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಕಾಗದದ ಮೇಲೆ ಎಲ್ಲವೂ ಬೇಗ ಬೇಗ ಆಗಬೇಕಿತ್ತು. ಊರು ಒಪ್ಪಲಿಲ್ಲ. ಹೋರಾಟ ನಡೆಯಿತು, ಕೋರ್ಟ್ ಕಟ್ಟೆ ಹತ್ತಿತು, 1999ರ ಡಿಸೆಂಬರಿನಲ್ಲಿ ಕಂಪನಿ ಹಿಂದೆ ಸರಿಯಿತು. ನೀವು ಆಗ ಒಂದನೇ ಎರಡನೇ ಕ್ಲಾಸಿನಲ್ಲಿ ಇದ್ದಿರಬಹುದು. ಮುಂದೆ ಅದೇ ಸೀಮೆಯ ಎಲ್ಲೂರಿನಲ್ಲಿ ಬೇರೆಯವರಿಂದ 1200 ಮೆಗಾವಾಟಿನ ಸ್ಥಾವರ ಬಂತು, ಅದರ ಸುತ್ತಲಿನ ಪ್ರಶ್ನೆಗಳೂ ಹಸಿರು ನ್ಯಾಯಮಂಡಳಿಯವರೆಗೆ ಹೋದವು. ದೆಹಲಿಯಲ್ಲಿ ಸಿಕ್ಕಿದ ಒಪ್ಪಿಗೆಯಿಂದ ನಂದಿಕೂರಿನ ಒಪ್ಪಿಗೆ ಸಿಕ್ಕ ಹಾಗೆ ಆಗುವುದಿಲ್ಲ ಅಂತ ನಮ್ಮ ಕ್ಷೇತ್ರದವರು ಕಲಿತದ್ದು ಅಲ್ಲಿ.

ಸುರತ್ಕಲ್ ಟೋಲ್‌ಗೇಟಿನದ್ದು ನೀವೇ ನೋಡಿದ್ದೀರಿ. ‘ತಾತ್ಕಾಲಿಕ’ ಅಂತ ಶುರುವಾದದ್ದು ವರ್ಷಗಟ್ಟಲೆ ಮುಂದುವರಿಯಿತು. ಕೊನೆಗೆ ಹಗಲು ರಾತ್ರಿ ಧರಣಿ ನಡೆದು, 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ಅಲ್ಲಿ ಜನರನ್ನು ಕೆರಳಿಸಿದ್ದು ಕೊಡಬೇಕಾದ ದುಡ್ಡು ಮಾತ್ರ ಅಲ್ಲ. ‘ತಾತ್ಕಾಲಿಕ’ ಎಂಬ ಮಾತಿಗೆ ಒಂದು ತಾರೀಕು ಇಲ್ಲದೇ ಹೋದದ್ದು. ನೀವು ಪ್ರೆಸ್ ನೋಟ್ ಬರೆಯುವಾಗ ‘ಶೀಘ್ರದಲ್ಲೇ’, ‘ಹಂತ ಹಂತವಾಗಿ’ ಅಂತ ಬರೆದರೆ ಇದನ್ನು ನೆನಪಿಸಿಕೊಳ್ಳಿ. ತಾರೀಕು ಇಲ್ಲ ಅಂದರೆ ಆ ವಾಕ್ಯ ಬೇಡ.

ಈಗ ಪರಿಸರ ಸಾರ್ವಜನಿಕ ಅಹವಾಲು ಸಭೆಗೆ ಬರುತ್ತೇನೆ. ಪಬ್ಲಿಕ್ ಹಿಯರಿಂಗ್ ಅಂತೀವಲ್ಲ, ಅದೇ. ಕಾರ್ಖಾನೆ, ಬಂದರು, ವಿದ್ಯುತ್, ಗಣಿ ಕ್ಷೇತ್ರದಲ್ಲಿ ಪಬ್ಲಿಕ್ ಅಫೇರ್ಸ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅದರ ನಿಯಮವನ್ನು ನೀವು ವಕೀಲರಷ್ಟೇ ಚೆನ್ನಾಗಿ ತಿಳಿದಿರಬೇಕು. 2006ರ ಸೆಪ್ಟೆಂಬರ್ 14ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಕಂಪನಿ ಅಲ್ಲ. ಅಧ್ಯಕ್ಷತೆ ಜಿಲ್ಲಾಧಿಕಾರಿಯದ್ದು, ಇಲ್ಲವೇ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದ ಅವರ ಪ್ರತಿನಿಧಿಯದ್ದು. ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಪಂಚಾಯತ್ ಕಚೇರಿಯಂಥ ಕಡೆ ಜನರ ಕೈಗೆ ಸಿಗಬೇಕು. ಇಡೀ ಸಭೆ ವಿಡಿಯೊ ಆಗಬೇಕು. ಕೊನೆಗೆ ಜನ ಎತ್ತಿದ ವಿಷಯಗಳನ್ನು ಅಲ್ಲೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಅಲ್ಲಿ ಮತ ಹಾಕುವುದಿಲ್ಲ, ಕೋರಂ ಕೂಡ ಇಲ್ಲ. ಆದರೆ ಜನ ಹೇಳಿದ ಪ್ರತಿ ಮುಖ್ಯ ವಿಷಯಕ್ಕೂ ಕಂಪನಿ ತನ್ನ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. ತಜ್ಞರ ಸಮಿತಿ ಅದನ್ನು ನೋಡುತ್ತದೆ.

ಇಷ್ಟು ಓದಿದವರು ಎಷ್ಟೋ ಜನ ಇದ್ದಾರೆ. ಆ ಸಾರಾಂಶದ ಕನ್ನಡವನ್ನು ಓದಿದವರು ಕಡಿಮೆ. ಕನ್ಸಲ್ಟೆಂಟ್ ಇಂಗ್ಲಿಷಿನಲ್ಲಿ ಕೊಟ್ಟದ್ದನ್ನು ಯಾರೋ ಪದಕ್ಕೆ ಪದ ಇಟ್ಟು ಕನ್ನಡ ಮಾಡಿರುತ್ತಾರೆ. ‘ತ್ಯಾಜ್ಯ ಜಲದ ಸಾಗರ ವಿಸರ್ಜನಾ ಬಿಂದು’ ಅಂತ ಇರುತ್ತದೆ. ಒಮ್ಮೆ ಇಂಥ ಸಭೆಗೆ ಮೊದಲು ದಕ್ಕೆಯಲ್ಲಿ (ಬೋಟು ನಿಲ್ಲುವ ಬಂದರಿನಲ್ಲಿ) ಒಬ್ಬ ಬೋಟ್ ಮಾಲೀಕರ ಹತ್ತಿರ ಕೂತು ಸಾರಾಂಶ ಓದಿ ಹೇಳಿದೆ. ಅವರು ಕೇಳಿದ್ದು ಇಷ್ಟೇ: ‘ನೀರು ಎಲ್ಲಿ ಬಿಡ್ತೀರಿ, ಎಷ್ಟು ಬಿಸಿ ಇರ್ತದೆ, ಪೈಪ್ ಒಡೆದರೆ ಎಂತ ಮಾಡ್ತೀರಿ?’ ನಲವತ್ತು ಪುಟದಲ್ಲಿ ಮೂರನೇ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ನಾನು ಅದನ್ನು ಎಂಜಿನಿಯರುಗಳ ಮುಂದೆ ಇಟ್ಟಾಗ ಅವರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಪೈಪ್‌ಲೈನಿನ ಒತ್ತಡ ಕಡಿಮೆಯಾದರೆ ಪಂಪ್ ತಾನೇ ನಿಲ್ಲುವ ವ್ಯವಸ್ಥೆ, ಮೀನುಗಾರರ ಸಂಘಕ್ಕೆ ಫೋನ್ ಹೋಗುವ ಕ್ರಮ, ಇವೆರಡನ್ನೂ ಯೋಜನೆಗೇ ಸೇರಿಸಿದರು. ಸಭೆಯಲ್ಲಿ ಆ ಪ್ರಶ್ನೆ ಬಂತು, ಉತ್ತರ ತಯಾರಿತ್ತು. ಅದು ಜಾಣ ಮಾತಿನ ಉತ್ತರ ಆಗಿರಲಿಲ್ಲ, ಡ್ರಾಯಿಂಗಿನಲ್ಲಿ ಇದ್ದ ಉತ್ತರ. ಎಲ್ಲರೂ ಒಪ್ಪಿದರು ಅಂತ ನಾನು ಹೇಳುವುದಿಲ್ಲ. ವಿರೋಧ ಇದ್ದವರು ವಿರೋಧಿಸಿದರು, ಅದು ಅವರ ಹಕ್ಕು. ಆದರೆ ಆ ಬೋಟ್ ಮಾಲೀಕರ ಮೂರು ಪ್ರಶ್ನೆಯಿಂದ ಒಂದು ಯಂತ್ರದ ವಿನ್ಯಾಸ ಬದಲಾಯಿತು. ಒಳ್ಳೆಯ ಪಬ್ಲಿಕ್ ಅಫೇರ್ಸ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಇನ್ನೊಂದು ಉಪಾಯ, ನೀವು ನಾಳೆಯೇ ಶುರು ಮಾಡಬಹುದು. ನಾನು ಪ್ರತಿ ವರ್ಷ ಒಂದು ‘ಊರಿನ ಕ್ಯಾಲೆಂಡರ್’ ಮಾಡುತ್ತಿದ್ದೆ. ಕಾರ್ಖಾನೆಯ ಸುತ್ತಲಿನ ಊರುಗಳಲ್ಲಿ ಯಾವ ದೈವಸ್ಥಾನದ ನೇಮ ಯಾವತ್ತು, ಉರೂಸ್ ಯಾವಾಗ, ಚರ್ಚಿನ ಹಬ್ಬ ಯಾವಾಗ, ಕಂಬಳ ಎಲ್ಲಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಯಾವಾಗ, ಗ್ರಾಮಸಭೆ ಯಾವಾಗ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನುಗಾರರ ಜೊತೆ ನೆಮ್ಮದಿಯಾಗಿ ಕೂತು ಮಾತಾಡಬೇಕು ಅಂದರೆ ಆ ದಿನಗಳೇ ಸರಿ. ಆಗಸ್ಟಿನಲ್ಲಿ ಹೋಗಿ ಸಭೆ ಕರೆದರೆ ಯಾರು ಬರುತ್ತಾರೆ? ಎಲ್ಲರೂ ಕಡಲಲ್ಲಿ ಇರುತ್ತಾರೆ.

ಒಂದು ವರ್ಷ ನಮ್ಮ ಪ್ರಾಜೆಕ್ಟ್‌ನವರು ಭಾರಿ ಯಂತ್ರ ಸಾಗಿಸುವ ಟ್ರೈಲರುಗಳನ್ನು ಊರ ರಸ್ತೆಯಲ್ಲಿ ಸಂಜೆ ಹೊತ್ತು ಬಿಡಲು ಹೊರಟಿದ್ದರು. ಅದೇ ವಾರ ಆ ರಸ್ತೆಯ ಪಕ್ಕದ ಗರಡಿಯಲ್ಲಿ (ದೈವಸ್ಥಾನದಲ್ಲಿ) ನೇಮ, ಸಾವಿರಾರು ಜನ ಸೇರುವ ಹೊತ್ತು. ನಾನು ಕ್ಯಾಲೆಂಡರ್ ಹಿಡಿದು ಹೋದೆ. ಮೊದಲು ‘ಆಗುವುದಿಲ್ಲ’ ಅಂದರು. ಜನರ ಭಾವನೆ ಅಂತ ವಾದ ಮಾಡಿದರೆ ಅವರಿಗೆ ತಲುಪುವುದಿಲ್ಲ ಅಂತ ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಲಾರಿ ಲೆಕ್ಕ ತೆಗೆದೆ. ನಾಲ್ಕು ದಿನ ಸಂಜೆ ನಿಲ್ಲಿಸಿದರೆ ಎಷ್ಟು ಟ್ರಿಪ್ ತಪ್ಪುತ್ತದೆ, ಬೆಳಗಿನ ಜಾವಕ್ಕೆ ಬದಲಿಸಿದರೆ ಎಷ್ಟು ಸಿಗುತ್ತದೆ, ರಸ್ತೆ ತಡೆ ಆಗಿ ಒಂದು ದಿನ ಪೂರ್ತಿ ನಿಂತರೆ ಕ್ರೇನ್ ಬಾಡಿಗೆ ಎಷ್ಟು. ಒಂದು ಪುಟ. ಅರ್ಧ ಗಂಟೆಯಲ್ಲಿ ಸಮಯ ಬದಲಾಯಿತು. ಮರುವರ್ಷ ಪ್ರಾಜೆಕ್ಟ್ ಮುಖ್ಯಸ್ಥರೇ ಫೋನ್ ಮಾಡಿ ‘ಮೇಡಂ, ಕ್ಯಾಲೆಂಡರ್ ಆಯ್ತಾ?’ ಅಂತ ಕೇಳಿದರು. ಇಡೀ ವೃತ್ತಿಯಲ್ಲಿ ನನಗೆ ಸಿಕ್ಕ ಬಡ್ತಿಗಳಲ್ಲಿ ಆ ಫೋನ್ ಕರೆಯೂ ಒಂದು.

ಎಂಬಿಎ ಬೇಕಾ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಪದವಿ ಬೇಡ. ಆದರೆ ಲೆಕ್ಕ ಬೇಕು. ಪತ್ರಕರ್ತರಾಗಿ ಬಂದ ನಮ್ಮಂಥವರ ದೊಡ್ಡ ಕೊರತೆ ಇದೇ. ನಮಗೆ ಮಾತು ಬರುತ್ತದೆ, ಕಂಪನಿ ದುಡ್ಡು ಮಾಡುವುದು ಹೇಗೆ ಅಂತ ಬರುವುದಿಲ್ಲ. ನಿಮ್ಮ ಕಂಪನಿಯ ವಾರ್ಷಿಕ ವರದಿಯನ್ನು ಫೋಟೊ ಇರುವ ಪುಟಗಳಿಗೆ ನಿಲ್ಲಿಸದೆ, ಹಿಂದಿನ ಟಿಪ್ಪಣಿಗಳವರೆಗೂ ಓದಿ. ಫೈನಾನ್ಸಿನವರ ಪಕ್ಕ ಕೂತು ಅರ್ಥವಾಗದ್ದನ್ನು ಕೇಳಿ. ಅವರು ಖುಷಿಯಿಂದ ಹೇಳುತ್ತಾರೆ, ಕೇಳುವವರೇ ಇರುವುದಿಲ್ಲ ಅವರಿಗೆ. ಓದಲೇಬೇಕು ಅಂತಿದ್ದರೆ ಎಂಬಿಎಗಿಂತ ಸಾರ್ವಜನಿಕ ನೀತಿಯ ಓದು ನಿಮಗೆ ಜಾಸ್ತಿ ಉಪಯೋಗ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಪಬ್ಲಿಕ್ ಪಾಲಿಸಿ ಸ್ನಾತಕೋತ್ತರ ಕೋರ್ಸ್ ಇದೆ. ಕೆಲಸ ಬಿಡದೆ ಓದುವುದಾದರೆ ತಕ್ಷಶಿಲಾ ಸಂಸ್ಥೆಯ ಆನ್‌ಲೈನ್ ಕೋರ್ಸುಗಳಿವೆ.

ಕಾನೂನು ಮಾತ್ರ ಬಿಡುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2013ರ ಭೂಸ್ವಾಧೀನ ಕಾಯ್ದೆ, ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ, ಕಂಪನಿ ಕಾಯ್ದೆಯ ಸಿಎಸ್‌ಆರ್ ಕಲಂ 135, ಇಷ್ಟನ್ನು ಮೂಲದಲ್ಲೇ ಓದಿ. ಕಂಪನಿ ಷೇರು ಮಾರುಕಟ್ಟೆಯಲ್ಲಿ ಇದ್ದರೆ ಆ ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮ ಇನ್ನೊಂದು ಲೋಕ. ಮಾರುಕಟ್ಟೆ ನಡೆಯುತ್ತಿರುವ ಹೊತ್ತಿನಲ್ಲಿ ಬೋರ್ಡ್ ಸಭೆ ಮುಗಿದರೆ ಮುಖ್ಯ ತೀರ್ಮಾನಗಳು 30 ನಿಮಿಷದೊಳಗೆ ಷೇರು ವಿನಿಮಯ ಕೇಂದ್ರಕ್ಕೆ ಹೋಗಬೇಕು. ಅದಕ್ಕೆ ಮೊದಲು ನಿಮ್ಮ ಪರಿಚಯದ ವರದಿಗಾರರಿಗೆ ‘ಒಂದು ಒಳ್ಳೆ ಸುದ್ದಿ ಇದೆ’ ಅಂತ ಸುಳಿವು ಕೊಟ್ಟರೂ ತಪ್ಪು. ಹಳೆಯ ಸ್ನೇಹದಲ್ಲಿ ಬಾಯಿ ಜಾರುವುದು ಸುಲಭ, ಅದಕ್ಕೇ ಹೇಳುತ್ತಿದ್ದೇನೆ.

ಸರ್ಕಾರದ ಜೊತೆ ಮಾತಾಡುವ ಕೆಲಸದ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕು. ಅಮೆರಿಕದಲ್ಲಿ ಲಾಬಿ ಮಾಡುವವರು ಹೆಸರು ನೋಂದಾಯಿಸಬೇಕು ಅಂತ 1995ರ ಕಾನೂನು ಇದೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಕಾನೂನು ಇಲ್ಲದ ಕಡೆ ನಮ್ಮ ಶಿಸ್ತು ಜಾಸ್ತಿ ಇರಬೇಕು. ನಾನು ಮಂತ್ರಿಯನ್ನೋ ಅಧಿಕಾರಿಯನ್ನೋ ಭೇಟಿಯಾದಾಗಲೆಲ್ಲ ಅದೇ ದಿನ ಯಾರು ಇದ್ದರು, ಏನು ಕೇಳಿದೆವು, ಏನು ಕೊಟ್ಟೆವು ಅಂತ ಬರೆದು ಕಂಪನಿಯ ಕಾನೂನು ವಿಭಾಗಕ್ಕೆ ಕಳಿಸುತ್ತಿದ್ದೆ. ಬರೆದಿಡಲು ಮುಜುಗರ ಆಗುವ ಭೇಟಿಗೆ ಹೋಗಲೇಬಾರದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರಿಗೂ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು, ಕಂಪನಿಯೂ ಹೊಣೆ. ‘ಕಂಪನಿಗೋಸ್ಕರ ಮಾಡಿದೆ’ ಅಂದರೆ ಕೋರ್ಟು ಕೇಳುವುದಿಲ್ಲ. ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ. ಅವರು ಹೆದರುತ್ತಿರುವುದು ಇದಕ್ಕೇ.

ನ್ಯಾಯವಾದ ದಾರಿ ಎಷ್ಟೋ ಇದೆ. ಕೇಂದ್ರ ಸರ್ಕಾರದ 2014ರ ನೀತಿ ಪ್ರಕಾರ ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು. ಇದು ಎಲ್ಲ ಸಲ ಪಾಲನೆ ಆಗುವುದಿಲ್ಲ. ಆದರೆ ಕರಡು ಬಂದಾಗ ಸರಿಯಾದ ಅಂಕಿ ಅಂಶ ಇಟ್ಟು ಎರಡು ಪುಟದ ಅಭಿಪ್ರಾಯ ಕಳಿಸಿದರೆ ಅಧಿಕಾರಿಗಳು ಓದುತ್ತಾರೆ. ಅವರಿಗೂ ಮಾಹಿತಿ ಬೇಕಾಗಿರುತ್ತದೆ. ಒಂದು ಕಂಪನಿಯ ಮಾತಿಗಿಂತ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯಂಥ ವೇದಿಕೆಯ ಮೂಲಕ ಹೋದ ಮಾತಿಗೆ ತೂಕ ಇರುತ್ತದೆ. ಅಲ್ಲಿನ ಸಮಿತಿಗಳಲ್ಲಿ ಈಗಲೇ ಕೆಲಸ ಮಾಡಿ.

ಮಂಗಳೂರು ಬಿಡಬೇಕಾ? ಮೂರು ನಾಲ್ಕು ವರ್ಷಕ್ಕೆ ಬಿಡಿ ಅನ್ನುತ್ತೇನೆ. ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ. ದಕ್ಷಿಣ ಕನ್ನಡ, ಉಡುಪಿ, ಈ ಎರಡು ಜಿಲ್ಲೆಯ ನೆಲದಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದವು. ಪಾಂಡೇಶ್ವರದಲ್ಲಿ, ಮಣಿಪಾಲದಲ್ಲಿ ಇದ್ದ ಕೇಂದ್ರ ಕಚೇರಿಗಳು ಹೋದವು. ಜೊತೆಗೆ, ದೊಡ್ಡ ಸಂಸ್ಥೆಯ ಮುಖ್ಯಸ್ಥರ ಪಕ್ಕದ ಕೋಣೆಯಲ್ಲಿ ಕೂತು ಈ ಕೆಲಸ ಕಲಿಯುವ ಅವಕಾಶಗಳೂ ಇಲ್ಲಿ ಕಡಿಮೆಯಾದವು. (ವಿಜಯಾ ಬ್ಯಾಂಕ್ ವಿಲೀನದ ಸುದ್ದಿ ಬಂದಾಗ ಇಲ್ಲಿನ ಜನರಿಗೆ ಆದ ನೋವು ನಿಮಗೆ ನೆನಪಿರಬಹುದು. 1931ರಲ್ಲಿ ಇದೇ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು, ಅಜ್ಜನ ಕಾಲದ ಪಾಸ್‌ಬುಕ್ಕು. ಅದಕ್ಕೆ ಬಂಡವಾಳದ ಅನುಪಾತದ ಲೆಕ್ಕದಲ್ಲಿ ಉತ್ತರ ಇಲ್ಲ. ಇಂಥ ತೀರ್ಮಾನವನ್ನು ಊರಿಗೆ ಹೇಳುವ ಕೆಲಸ ಮುಂದೆ ನಿಮಗೆ ಬಂದರೆ ಮೊದಲು ಆ ಪಾಸ್‌ಬುಕ್ಕಿನ ಬಗ್ಗೆ ಮಾತಾಡಿ.)

ಬಂದರು ಕೇಂದ್ರ ಸರ್ಕಾರದ್ದು, ರಿಫೈನರಿ ಕೇಂದ್ರದ ಸಾರ್ವಜನಿಕ ಉದ್ದಿಮೆ, ದೊಡ್ಡ ಯೋಜನೆಗಳ ಪರಿಸರ ಅನುಮತಿ ದೆಹಲಿಯಲ್ಲಿ, ಕೈಗಾರಿಕಾ ನೀತಿ ಬೆಂಗಳೂರಿನಲ್ಲಿ. ಪಣಂಬೂರಿನಲ್ಲಿ ಏನಾಗಬೇಕು ಅನ್ನುವ ಕಾಗದ ಬೇರೆ ಊರಿನಲ್ಲಿ ತಯಾರಾಗುತ್ತದೆ. ಆ ಕಾಗದ ಹೇಗೆ ಓಡಾಡುತ್ತದೆ ಅಂತ ಹತ್ತಿರದಿಂದ ನೋಡಿ ಬಂದವರಿಗೆ ಇಲ್ಲಿ ಬೆಲೆ ಬೇರೆ. ಹೋಗಿ, ಕಲಿತು, ಬನ್ನಿ. ಆದರೆ ತುಳು ಮರೆಯಬೇಡಿ, ಆಗುವುದಾದರೆ ಕೊಂಕಣಿ, ಬ್ಯಾರಿ ಭಾಷೆಯ ನಾಲ್ಕು ಮಾತೂ ಕಲಿಯಿರಿ. ‘ಎಂಚ ಉಲ್ಲರ್’ (ಹೇಗಿದ್ದೀರಿ) ಅಂತ ಮಾತು ಶುರುವಾದ ಸಭೆಯಲ್ಲಿ ಜನ ತಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಹೇಳುತ್ತಾರೆ.

ಹೆಣ್ಣುಮಗಳಾಗಿ ಈ ಕೆಲಸ ಕಷ್ಟವಾ ಅಂತ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಕಷ್ಟ ಇದೆ, ರಾತ್ರಿ ಫೋನ್ ಬರುತ್ತದೆ, ಕೆಲವು ಸಭೆಗಳಲ್ಲಿ ನಿಮ್ಮ ಪಕ್ಕದ ಗಂಡಸಿನ ಮುಖ ನೋಡಿಯೇ ಮಾತಾಡುತ್ತಾರೆ. ಆದರೆ ಊರಿನ ಅರ್ಧ ಮಾತು ಸಮಿತಿಗಳಿಗೆ ಬರುವುದೇ ಇಲ್ಲ. ಅದು ಬೀಡಿ ಕಟ್ಟುವ ಜಗಲಿಯಲ್ಲಿ, ಮೀನು ಮಾರುವ ಕಡೆ, ಮಹಿಳಾ ಗ್ರಾಮಸಭೆಯಲ್ಲಿ, ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಇರುತ್ತದೆ. ಬಾವಿಯ ನೀರಿನ ಬಣ್ಣ ಬದಲಾದದ್ದು ಮೊದಲು ಗೊತ್ತಾಗುವುದು ನೀರು ಸೇದುವವರಿಗೆ. ಅಲ್ಲಿಗೆ ನೀವು ಹೋಗಬಲ್ಲಿರಿ, ನಿಮ್ಮ ಎಷ್ಟೋ ಸಹೋದ್ಯೋಗಿಗಳು ಹೋಗಲಾರರು.

ಕೆಲಸ ಹೇಗೆ ನಡೆಯುತ್ತಿದೆ ಅಂತ ಅಳೆಯುವುದರಲ್ಲೂ ಎಚ್ಚರ ಇರಲಿ. ಪತ್ರಿಕೆಯಲ್ಲಿ ಬಂದ ಸುದ್ದಿಯ ಜಾಗವನ್ನು ಜಾಹೀರಾತಿನ ದರಕ್ಕೆ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ’ ಅಂತ ತೋರಿಸುವ ರೂಢಿ ಇದೆ. ಅದು ಸಂವಹನದ ಬೆಲೆ ಅಲ್ಲ ಅಂತ 2010ರಲ್ಲೇ ಬಾರ್ಸಿಲೋನಾ ತತ್ವಗಳಲ್ಲಿ ವೃತ್ತಿಯವರೇ ಒಪ್ಪಿಕೊಂಡಿದ್ದಾರೆ. ನಾನು ಮೂರು ತಿಂಗಳಿಗೊಮ್ಮೆ ಎಂಡಿಗೆ ಬೇರೆ ಪಟ್ಟಿ ಕೊಡುತ್ತಿದ್ದೆ. ಎಷ್ಟು ದೂರು ಬಂತು, ಎಷ್ಟು ದಿನದಲ್ಲಿ ಮುಗಿಯಿತು, ಯಾವುದು ಮತ್ತೆ ಮತ್ತೆ ಬರುತ್ತಿದೆ, ನಾವು ಕೊಟ್ಟ ಯಾವ ಮಾತು ತಾರೀಕು ದಾಟಿದೆ. ಮೊದಮೊದಲು ಆ ಪಟ್ಟಿ ಯಾರಿಗೂ ಇಷ್ಟವಾಗಲಿಲ್ಲ. ಎರಡು ವರ್ಷದ ಮೇಲೆ ಆ ಪಟ್ಟಿ ಇಲ್ಲದೆ ತ್ರೈಮಾಸಿಕ ಸಭೆ ಶುರುವಾಗುತ್ತಿರಲಿಲ್ಲ.

ಈಗ ನಿಮಗೆ ಬಂದಿರುವ ಹುದ್ದೆ. ಒಪ್ಪುವ ಮೊದಲು ಅವರನ್ನು ಕೆಲವು ವಿಷಯ ನೇರವಾಗಿ ಕೇಳಿ. ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ಎಂಡಿಗೆ ಅಂದರೆ ಸರಿ. ಎಚ್‌ಆರ್ ಅಥವಾ ಮಾರ್ಕೆಟಿಂಗಿಗೆ ಅಂದರೆ ಹುದ್ದೆಯ ಹೆಸರು ಮಾತ್ರ ದೊಡ್ಡದು. ಹೊಸ ಯೋಜನೆಯ ತೀರ್ಮಾನ ಆಗುವ ಸಭೆಯಲ್ಲಿ ನಾನು ಇರುತ್ತೇನಾ, ಇಲ್ಲ ತೀರ್ಮಾನ ಆದ ಮೇಲೆ ಪ್ರೆಸ್ ನೋಟ್ ಬರೆಯಲು ಕರೆಯುತ್ತೀರಾ? ನನಗೆ ಸರಿ ಅನ್ನಿಸದ ಹೇಳಿಕೆಗೆ ಸಹಿ ಹಾಕುವುದಿಲ್ಲ ಅಂದರೆ ಏನಾಗುತ್ತದೆ? ಈ ಮೂರನೇ ಪ್ರಶ್ನೆ ಕೇಳಲು ಧೈರ್ಯ ಬೇಕು. ಆದರೆ ಅವರ ಉತ್ತರಕ್ಕಿಂತ, ಉತ್ತರ ಕೊಡುವ ಮೊದಲು ಅವರು ಪರಸ್ಪರ ಹೇಗೆ ಮುಖ ನೋಡಿಕೊಳ್ಳುತ್ತಾರೆ ಅನ್ನುವುದು ನಿಮಗೆ ಜಾಸ್ತಿ ಹೇಳುತ್ತದೆ. ಆಮೇಲೆ, ಈ ಹುದ್ದೆಯಲ್ಲಿ ಮೊದಲು ಇದ್ದವರು ಯಾಕೆ ಹೋದರು ಅಂತ ಕೇಳಿ. ಸಾಧ್ಯವಾದರೆ ಅವರಿಗೇ ಫೋನ್ ಮಾಡಿ.

ಇನ್ನೊಂದು ಕೆಲಸ, ಇಂಟರ್‌ವ್ಯೂಗೆ ಮೊದಲು ಮಾಡಿ. ಒಂದು ಶನಿವಾರ ಆ ಕಂಪನಿಯ ಗೇಟಿಗೆ ಹತ್ತಿರದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಒಂದು ಗಂಟೆ ಕೂತುಕೊಳ್ಳಿ. ಕಂಪನಿಯ ಬಗ್ಗೆ ಊರಿನವರು ಏನು ಹೇಳುತ್ತಾರೆ ಅಂತ ಕೇಳಿ. ಕೇಳಿದ್ದನ್ನು ಮನೆಗೆ ಬಂದು ಒಂದು ಪುಟದಲ್ಲಿ ಬರೆಯಿರಿ: ಏನು ತೊಂದರೆ, ಯಾರಿಗೆ, ಏನು ಮಾಡಬಹುದು, ಎಷ್ಟು ಖರ್ಚಾದೀತು. ಆ ಪುಟವನ್ನು ಇಂಟರ್‌ವ್ಯೂನಲ್ಲಿ ಮೇಜಿನ ಮೇಲೆ ಇಡಿ. ಅವರು ಅದನ್ನು ಕೈಗೆ ತೆಗೆದುಕೊಂಡು ಓದಿದರೆ, ಕೆಲಸಕ್ಕೆ ಸೇರಿ.